ಮಲಗಿಸಿದವರ ಹೆಸರು

ನಮ್ಮ ಪಕ್ಕದ ಫ್ಲ್ಯಾಟಿನ ಅನುಷಾ ದಾವಣಗೆರೆಯ ಹುಡುಗಿ. ಆಪರೇಷನ್ ಥಿಯೇಟರ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿ ಕೊಯಮತ್ತೂರಿಗೆ, ನಾನು ನರ್ಸಾಗಿ ರಿಟೈರ್ ಆದ ಆಸ್ಪತ್ರೆಗೇ, ಕೆಲಸಕ್ಕೆ ಬಂದಿದ್ದಾಳೆ. ಹೋದ ತಿಂಗಳು ಡ್ಯೂಟಿ ಮುಗಿಸಿ ಬಂದವಳು ಚಪ್ಪಲಿಯನ್ನೂ ಬಿಡದೆ ನನ್ನ ಬಾಗಿಲಲ್ಲಿ ನಿಂತಳು.

"ಆಂಟಿ, ನೀವು ಹೇಳಲೇ ಇಲ್ವಲ್ಲ! ನಿಮ್ಮ ಹೆಸರಲ್ಲಿ ಒಂದು ಟೆಸ್ಟೇ ಇದೆ. ಪೇಷೆಂಟನ್ನ ಬೋರಲು ಮಲಗಿಸಿದ ಮೇಲೆ ಎಲುಬಿನ ಕೆಳಗೆ ಕೈ ತೂರಿಸಿ ನೋಡೋದು. 'ರಂಗನಾಯಕಿ ಸಿಸ್ಟರ್ ಚೆಕ್' ಅಂತ ಥಿಯೇಟರ್ ಗೋಡೆ ಮೇಲೆ ಪ್ರಿಂಟ್ ತೆಗೆದು ಅಂಟಿಸಿದ್ದಾರೆ. ನಿಮ್ಮ ಅನುಭವ ಎಲ್ಲ ಬರೀರಿ ಆಂಟಿ, ನಮ್ಮಂಥೋರಿಗೆ ಉಪಯೋಗ ಆಗುತ್ತೆ."

ನನಗೆ ಸಂತೋಷವಾಗಬೇಕಿತ್ತು. ಆದರೆ ಆ ಹುಡುಗಿ ಹೋದ ಮೇಲೆ ಕೈಯಲ್ಲಿದ್ದ ಕಾಫಿ ತಣ್ಣಗಾಗುವವರೆಗೂ ಕುರ್ಚಿಯಿಂದ ಏಳಲಿಲ್ಲ. ಗೋಡೆಯ ಮೇಲೆ ಇರಬೇಕಾದ ಹೆಸರು ನನ್ನದಲ್ಲ. ಅದು ಯಾರದು, ಅದನ್ನು ನಾನು ಹೇಗೆ ತೆಗೆದುಕೊಂಡೆ ಎಂಬುದನ್ನು ಹೇಳದೆ ನನ್ನ ಸರ್ವಿಸ್ ಬಗ್ಗೆ ಒಂದು ಸಾಲು ಬರೆದರೂ ಸುಳ್ಳಾಗುತ್ತದೆ. ಹಾಗಾಗಿ ನನಗೆ ಬಂದ ಪ್ರಮೋಷನ್, ಶಾಲು, ಫಲಕಗಳ ವಿಷಯ ಇಲ್ಲಿ ಇರುವುದಿಲ್ಲ.

ನನ್ನ ಓದು ಇಂಗ್ಲಿಷ್ ಕಾನ್ವೆಂಟಿನಲ್ಲಿ, ಬೀದಿ ಮಾತು ತಮಿಳು, ಮನೆ ಮಾತು ಕನ್ನಡ. ನಮ್ಮ ಹಿರಿಯರು ಯಾವ ಕಾಲದಲ್ಲೋ ಇಲ್ಲಿಗೆ ಬಂದು ಹೊಲ ಮಾಡಿದವರು. ಕನ್ನಡ ಅಕ್ಷರ ನಾನು ಕಲಿತದ್ದು ಮೈಸೂರಿನ ನರ್ಸಿಂಗ್ ಸ್ಕೂಲಿನಲ್ಲಿ, ಹಾಸ್ಟೆಲ್ ಗೆಳತಿಯರ ಕೈಕಾಲು ಹಿಡಿದು. ಕಾನ್ವೆಂಟಿನ ಮದರ್ ಕಲಿಸಿದ ಒಂದು ಪಾಠ ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಯಾವುದೇ ಕೆಲಸವಿರಲಿ, ಕ್ಲಾಸಿಗೆ ಫಸ್ಟ್ ಬರಬೇಕು. ಸೆಕೆಂಡ್ ಬಂದಾಗ ಹೇಗಿರಬೇಕು ಎಂದು ಅವರು ಕಲಿಸಲಿಲ್ಲ.

ನಾನಿದ್ದದ್ದು ಬೆನ್ನುಮೂಳೆಯ ಆಪರೇಷನ್ ಮಾಡುವ ಥಿಯೇಟರ್. ಮೊದಲು ಬೆನ್ನನ್ನು ಉದ್ದಕ್ಕೆ ಸೀಳಿ ಮಾಡುತ್ತಿದ್ದ ಕೆಲಸವನ್ನು ನನ್ನ ಕಣ್ಣೆದುರಿಗೇ ಬೆರಳಗಲದ ತೂತಿನಿಂದ ಮಾಡಲು ಶುರುಮಾಡಿದರು. ಕೀಹೋಲ್ ಎಂದರೆ ಎಲ್ಲರಿಗೂ ಕಾಣುವುದು ಆ ಸಣ್ಣ ಗಾಯ. ರೋಗಿ ಮೊದಲು ಕೇಳುವುದೂ ಅದನ್ನೇ, "ಎಷ್ಟು ಹೊಲಿಗೆ?" ಆದರೆ ತೂತು ಸಣ್ಣದಾದಷ್ಟೂ ಹೊಸದರಲ್ಲಿ ಡಾಕ್ಟರಿಗೆ ಹೊತ್ತು ಹೆಚ್ಚು ಬೇಕಾಗುತ್ತಿತ್ತು. ಬೆನ್ನ ಮೇಲೆ ಒಂದು ಇಂಚು ಗಾಯ, ಕೆಳಗೆ ಮೂರು ಗಂಟೆ ಹೊತ್ತು ಮುಖ, ಎದೆ, ಸೊಂಟದ ಎಲುಬು, ಮೊಣಕಾಲುಗಳ ಮೇಲೆ ಇಡೀ ದೇಹದ ಭಾರ. ಅರಿವಳಿಕೆಯಲ್ಲಿರುವವನು "ಇಲ್ಲಿ ಒತ್ತುತ್ತಿದೆ" ಎಂದು ಹೇಳಲಾರ. ನಿದ್ದೆಯಲ್ಲಿ ನಾವು ಎಷ್ಟು ಸಲ ಮಗ್ಗುಲು ಬದಲಿಸುತ್ತೇವೆ, ನೆನೆಸಿಕೊಳ್ಳಿ. ಅವನಿಗೆ ಅದೂ ಇಲ್ಲ. ಅವನ ಪರವಾಗಿ ಮಗ್ಗುಲು ಬದಲಿಸುವ ಬುದ್ಧಿ ನಮ್ಮದಾಗಿರಬೇಕು.

ಇದು ನನಗೆ ತಿಳಿದದ್ದು ಕುರಿಚಿಯ ಫೌಂಡ್ರಿಯೊಂದರ ಕೆಲಸಗಾರನಿಂದ. ಕಬ್ಬಿಣ ಎರಕ ಹೊಯ್ಯುವ ಆಳು, ಎಮ್ಮೆಯಂಥ ಮೈಕಟ್ಟು. ಪುಸ್ತಕದಲ್ಲಿದ್ದ ಚಿತ್ರದ ಪ್ರಕಾರ ಎದೆಯಿಂದ ಸೊಂಟದವರೆಗೆ ಎರಡು ಉದ್ದನೆಯ ದಿಂಡು ಇಟ್ಟು, ನಡುವೆ ಹೊಟ್ಟೆ ಇಳಿಬೀಳುವಂತೆ ಮಲಗಿಸಿದೆ. ಹೊಟ್ಟೆ ಒತ್ತಿದರೆ ಬೆನ್ನಿನ ರಕ್ತನಾಳಗಳು ಉಬ್ಬಿ ಆ ಸಣ್ಣ ತೂತಿನಲ್ಲಿ ರಕ್ತ ತುಂಬಿಕೊಳ್ಳುತ್ತದೆ, ಡಾಕ್ಟರಿಗೆ ಏನೂ ಕಾಣುವುದಿಲ್ಲ. ಅದೆಲ್ಲ ಸರಿಯಾಗಿತ್ತು. ಮುಖದ ಕೆಳಗಿನ ಫೋಮ್ ದಿಂಬು ಮಾತ್ರ ನಡುವೆ ಜಾರಿದ್ದನ್ನು ನಾನು ನೋಡಲಿಲ್ಲ. ಎಚ್ಚರವಾದಾಗ ಅವನ ಕೆನ್ನೆಯ ಮೂಳೆಯ ಮೇಲೆ ರೂಪಾಯಿ ಅಗಲದ ಬೊಬ್ಬೆ. ಕನ್ನಡಿ ತರಿಸಿ ನೋಡಿಕೊಂಡು, "ಏನಮ್ಮಾ ಸಿಸ್ಟರ್, ಬೆನ್ನು ರಿಪೇರಿಗೆ ಬಿಟ್ಟರೆ ಮೂತಿಗೆ ಎರಕ ಹೊಯ್ದು ಕಳಿಸ್ತೀರಾ?" ಎಂದ. ವಾರ್ಡೆಲ್ಲ ನಕ್ಕಿತು. ನಾನು ಬಾತ್‌ರೂಮಿಗೆ ಹೋಗಿ ಅತ್ತೆ.

ಅದೇ ವಾರ ಸೌಡಮ್ಮ ನಮ್ಮ ಥಿಯೇಟರಿಗೆ ಬಂದಳು, ಅಟೆಂಡರ್ ಆಗಿ. ಅಂದರೆ ನೆಲ ಒರೆಸುವುದು, ಟ್ರಾಲಿ ತಳ್ಳುವುದು. ಕರುಮತ್ತಂಪಟ್ಟಿಯ ನೇಯ್ಗೆ ಮನೆತನ. ಅವರ ಮನೆಯಲ್ಲೂ ನಮ್ಮ ಹಾಗೆ ಕನ್ನಡವೇ, ಅರ್ಧಕ್ಕರ್ಧ ತಮಿಳು ಬೆರೆತದ್ದು. ಪವರ್‌ಲೂಮ್ ಸದ್ದಿಗೆ ಒಂದು ಕಿವಿ ಮಂದವಾಗಿತ್ತು. ಎಂಟನೇ ಕ್ಲಾಸು ಓದಿದವಳು, ಅದೂ ತಮಿಳಿನಲ್ಲಿ. ಕನ್ನಡ ಅಕ್ಷರ ಒಂದೂ ಬಾರದು, ಇಂಗ್ಲಿಷ್ ಕೇಳಲೇಬೇಡಿ.

ಫೌಂಡ್ರಿಯವನ ಕಥೆ ಕೇಳಿದ ಮೂರನೇ ದಿನ ಅವಳು ಒಂದು ಬಳೆಯಾಕಾರದ ದಿಂಬು ಹೊಲಿದು ತಂದಳು. ಅವಳ ತಂಗಿ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದಳು. ಅಲ್ಲಿನ ಕತ್ತರಿಸಿ ಉಳಿದ ಬಟ್ಟೆಯ ತುಂಡುಗಳನ್ನೇ ತುಂಬಿದ್ದಳು. "ಫೋಮ್ ಆದ್ರೆ ಮುಕ್ಕಾಲು ಗಂಟೇಲಿ ಸತ್ತೋಗುತ್ತೆ ಸಿಸ್ಟರಮ್ಮಾ. ಬನಿಯನ್ ಬಟ್ಟೆ ಮೂತಿ ಹೋದ ಕಡೆ ತಾನೂ ಹೋಗುತ್ತೆ" ಎಂದಳು. ಅದು ನಿಜವಾಗಿತ್ತು. ಆಮೇಲೆ ಬೇರೆ ದೇಶದ ಜೆಲ್ ಪ್ಯಾಡು ಬಂದವು, ನೋಡಲು ಪುಡ್ಡಿಂಗ್ ಥರ. ಅವೂ ಒಳ್ಳೆಯವೇ. ಆದರೆ ಅವಳ ದಿಂಬನ್ನು ನಮ್ಮ ಚೀಫ್ ಬಹಳ ದಿನ ಬಿಡಲಿಲ್ಲ.

ಚೀಫ್ ಎಂದರೆ ನಮ್ಮ ಸರ್ಜನ್. ಸಿಡುಕು ಮನುಷ್ಯ, ಕೈ ಮಾತ್ರ ಹೂವಿನಂಥದು. ಒಂದು ದಿನ ನಾನು ರೋಗಿಯನ್ನು ಮಲಗಿಸಿ ಮುಗಿಸಿದ್ದೆ. ಸೌಡಮ್ಮ ಬಕೆಟ್ ಪಕ್ಕಕ್ಕಿಟ್ಟು, ಕೈ ತೊಳೆದು ಬಂದು, ರೋಗಿಯ ಸೊಂಟದ ಎಲುಬು ಮತ್ತು ದಿಂಡಿನ ನಡುವೆ ಅಂಗೈಯನ್ನು ತೂರಿಸಿ ಹಾಗೇ ನಿಂತುಬಿಟ್ಟಳು. ಬಾಯಲ್ಲಿ ಏನೋ ಎಣಿಸುತ್ತಿದ್ದಳು.

"ಏನು ಮಾಡ್ತಿದೀಯ?" ಎಂದರು ಚೀಫ್.

"ಹತ್ತು ಉಸಿರು ನೋಡ್ತೀನಿ ಡಾಕ್ಟರಯ್ಯಾ. ನನ್ನ ಕೈ ನೋಯೋಕೆ ಶುರುವಾದ್ರೆ ಅವರ ಎಲುಬೂ ನೋಯ್ತಾ ಇದೆ ಅಂತ. ಲೂಮಿನಲ್ಲಿ ಹಾಸುನೂಲಿನ ಮೇಲೆ ಹಿಂಗೇ ಕೈ ಇಡ್ತಿದ್ವಿ. ಎಲ್ಲಿ ಬಿಗಿ ಐತೆ, ಎಲ್ಲಿ ನೂಲು ಹರಿಯುತ್ತೆ, ಕೈಗೆ ಮೊದ್ಲು ತಿಳಿಯುತ್ತೆ, ಕಣ್ಣಿಗೆ ಆಮೇಲೆ."

ಹೇಳಿ, ದಿಂಡನ್ನು ಎರಡು ಬೆರಳಷ್ಟು ಕೆಳಗೆ ಸರಿಸಿದಳು. ಮತ್ತೆ ಕೈ ಇಟ್ಟಳು. ನಂತರ ಎದೆಗೆ, ಮೊಣಕೈಗೆ, ಮೊಣಕಾಲಿಗೆ. ಕಾಲ್ಬೆರಳು ಟೇಬಲ್ಲಿಗೆ ತಾಗದೆ ಗಾಳಿಯಲ್ಲಿ ಇದೆಯೇ ಎಂದು ಬಗ್ಗಿ ನೋಡಿದಳು. ಚೀಫ್ ಕೈ ತೊಳೆಯಲು ಹೋದರು. ಮರುದಿನದಿಂದ ಥಿಯೇಟರಿಗೆ ಕಾಲಿಟ್ಟವರೇ ಕೇಳುತ್ತಿದ್ದ ಮೊದಲ ಪ್ರಶ್ನೆ, "ಸೌಡಮ್ಮ ಎಂಗೆ?" ತಮಿಳಿನಲ್ಲಿ, ಎಲ್ಲಿ ಅಂತ. ಅಲ್ಲಿಯವರೆಗೆ "ಸಿಸ್ಟರ್ ರೆಡಿಯಾ?" ಎಂದು ನನ್ನನ್ನು ಕೇಳುತ್ತಿದ್ದರು.

ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಆ ಎರಡು ಪದಕ್ಕೆ. ನಾನು ಆ ಹೊತ್ತಿಗೆ ಹದಿನೈದು ವರ್ಷದ ಸರ್ವಿಸ್ ಇದ್ದವಳು. ನರಗಳ ಹೆಸರು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಅವಳಿಗೆ ಗೊತ್ತಿದ್ದದ್ದು "ಇಲ್ಲಿ ಒತ್ತಬಾರದು" ಅಷ್ಟೇ. ಆ "ಇಲ್ಲಿ" ಮಾತ್ರ ಪ್ರತಿಸಲವೂ ಸರಿಯಾಗಿರುತ್ತಿತ್ತು. ಅವಳ ರೋಗಿಗಳ ಮೈಮೇಲೆ ಒಂದು ಕೆಂಪು ಕಲೆಯೂ ಇರುತ್ತಿರಲಿಲ್ಲ. ನಾನು ರಿಕವರಿ ರೂಮಿಗೆ ಹೋಗಿ, ಹೊದಿಕೆ ಸರಿಸಿ, ಕಲೆ ಹುಡುಕುತ್ತಿದ್ದೆ. ಸಿಗದಿದ್ದಾಗ ಬೇಸರವಾಗುತ್ತಿತ್ತು. ನರ್ಸ್ ಆದವಳು ಬರೆಯಬಾರದ ಮಾತು ಇದು, ಬರೆದಿದ್ದೇನೆ.

ಆಮೇಲೆ ಎಚ್ಚರದಲ್ಲೇ ಬೆನ್ನಿಗೆ ಕ್ಯಾಮೆರಾ ಕೊಳವೆ ತೂರಿಸಿ ಮಾಡುವ ಎಂಡೋಸ್ಕೋಪಿ ಕೇಸುಗಳು ಬಂದವು. ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್. ರೋಗಿ ಬೋರಲು ಮಲಗಿ ಮಾತಾಡುತ್ತಿರಬೇಕು. ನರದ ಹತ್ತಿರ ಉಪಕರಣ ಹೋದರೆ "ಕಾಲಿಗೆ ಕರೆಂಟ್ ಹೊಡೀತು" ಎನ್ನುತ್ತಾನೆ, ಡಾಕ್ಟರ್ ನಿಲ್ಲಿಸುತ್ತಾರೆ. ಅಲ್ಲಿ ನೋವೇ ದಾರಿ ತೋರಿಸುವುದು. ಆದರೆ ಯಾವ ನೋವು? ತಿರುಪ್ಪೂರಿನ ಒಬ್ಬ ಟೈಲರ್, ವರ್ಷಗಟ್ಟಲೆ ಕಾಲರ್ ಹೊಲಿದು ಬೆನ್ನು ಕಳೆದುಕೊಂಡವನು, ನಡುವೆ "ಅಯ್ಯೋ ಕಾಲು, ಕಾಲು" ಎಂದು ಕೂಗತೊಡಗಿದ. ಚೀಫ್ ಕೈ ತೆಗೆದರು. ತೆಗೆದರೂ ಕೂಗು ನಿಲ್ಲಲಿಲ್ಲ. ಅನಸ್ತೀಷಿಯಾ ಡಾಕ್ಟರ್ ನಿದ್ದೆ ಕೊಡಲೇ ಎಂದರು.

ಸೌಡಮ್ಮ ರೋಗಿಯ ಮೇಲೆ ಹೊದಿಸಿದ್ದ ಬಟ್ಟೆಯ ಕೆಳಗೆ ಅವನ ಮುಖದ ಬಳಿ ಕುಕ್ಕರಗಾಲಲ್ಲಿ ಕೂತಿದ್ದಳು. ತಮಿಳರು ಮಕ್ಕಳನ್ನು ಮುದ್ದಿನಿಂದ ಕರೆಯುವ ಹಾಗೆ ಕರೆದಳು, "ಕಣ್ಣು, ನನ್ನ ಕೈ ಹಿಸುಕು. ಆ ನೋವು ಮಿಂಚಿನ ಹಂಗೆ ಓಡುತ್ತಾ, ಕಲ್ಲಿನ ಹಂಗೆ ಕೂತಿರುತ್ತಾ?"

"ಕೂತಿದೆ ಅಕ್ಕಾ, ಕಲ್ಲು!"

"ಡಾಕ್ಟರಯ್ಯಾ, ನಿಮ್ಮದಲ್ಲ. ಮೊಣಕಾಲು ದಿಂಬಿನಿಂದ ಜಾರಿದೆ." ಅವಳು ಬಟ್ಟೆಯ ಕೆಳಗೇ ಕಾಲಿನ ಕಡೆಗೆ ಸರಿದು, ಕೈ ಹಾಕಿ ಮೊಣಕಾಲೆತ್ತಿದಳು. ಅವನು ಉಸಿರು ಬಿಟ್ಟ. ಐದು ನಿಮಿಷಕ್ಕೆಲ್ಲ, "ನೀನು ಹೊಲಿದ ಕಾಲರ್ ನಮ್ಮ ಮನೆಯವರಿಗೆ ಕತ್ತು ಕೊರೆಯುತ್ತೆ, ಗೊತ್ತಾ?" ಎಂದು ಅವನನ್ನು ನಗಿಸುತ್ತಿದ್ದಳು. ಅವನು ನಕ್ಕರೆ ಬೆನ್ನು ಅಲುಗುತ್ತದೆಂದು ಚೀಫ್ ಗದರಿದರು. ಗದರಿದವರೇ ನನ್ನ ಕಡೆ ತಿರುಗಿ, ಎಲ್ಲರ ಎದುರಿಗೆ, "ಸಿಸ್ಟರ್, ಲರ್ನ್ ಫ್ರಮ್ ಹರ್" ಎಂದರು. ನಾನು "ಯೆಸ್ ಸರ್" ಎಂದೆ. ಮನೆಗೆ ಹೋಗುವ ಬಸ್ಸಿನಲ್ಲಿ ನನ್ನ ಸ್ಟಾಪ್ ದಾಟಿ ಹೋದದ್ದು ಗೊತ್ತಾಗಲಿಲ್ಲ.

ಈಗ ಕೇಸ್‌ಶೀಟಿನ ವಿಷಯ. ಅದರಲ್ಲಿ ಒಂದು ಕಾಲಂ ಇದೆ, 'ಪೊಸಿಷನ್ಡ್ ಬೈ'. ರೋಗಿಯನ್ನು ಮಲಗಿಸಿದವರ ಹೆಸರು. ಅಟೆಂಡರ್ ಹೆಸರನ್ನು ಬರೆಯಬಾರದೆಂದು ರೂಲ್ ಏನೂ ಇರಲಿಲ್ಲ, ಬರೆಯುವ ರೂಢಿ ಇರಲಿಲ್ಲ. ಸೌಡಮ್ಮ ಮಲಗಿಸುತ್ತಿದ್ದಳು, ನಾನು ಕಾಲಂನಲ್ಲಿ ನನ್ನ ಹೆಸರು ಬರೆಯುತ್ತಿದ್ದೆ. ಕಾನ್ವೆಂಟಿನ ಕೈಬರಹ, ಅಕ್ಷರ ಮುತ್ತಿನ ಹಾಗೆ. ದಿನಕ್ಕೆ ಮೂರು ಕೇಸು, ನಾಲ್ಕು ಕೇಸು. ಬರೆಯುವ ಆ ಒಂದು ಕ್ಷಣ ಅವೆಲ್ಲ ನನ್ನ ಕೆಲಸವೇ ಅನ್ನಿಸುತ್ತಿತ್ತು. ಅದು ಸುಳ್ಳೆಂದು ಥಿಯೇಟರಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಸುಳ್ಳೆಂದು ಕರೆಯುತ್ತಿರಲಿಲ್ಲ.

ಪಳನಿಯಮ್ಮಾಳ್ ವಾಲ್ಪಾರೈಯಿಂದ ಬಂದವಳು, ಟೀ ಎಸ್ಟೇಟಿನಲ್ಲಿ ಎಲೆ ಕೀಳುವವಳು. ಕಾಲಿನ ನೋವಿಗೆ ಕೂರಲಾಗದೆ ಘಾಟಿಯ ತಿರುವುಗಳನ್ನೆಲ್ಲ ಬಸ್ಸಿನ ಕಂಬ ಹಿಡಿದು ನಿಂತೇ ಇಳಿದು ಬಂದಿದ್ದಳು. ಆ ದಿನ ಚೀಫ್ ಕೆಲಸ ನೋಡಲು ಬೇರೆ ಊರುಗಳಿಂದ ಐದಾರು ಸರ್ಜನ್‌ಗಳು ಬಂದಿದ್ದರು. ಅವರ ಎದುರು ಚೀಫ್ "ಸೌಡಮ್ಮ ಎಂಗೆ?" ಎಂದರೆ ನಾನು ಎಲ್ಲಿ ನಿಲ್ಲಲಿ? ಬೆಳಿಗ್ಗೆಯೇ ತೀರ್ಮಾನ ಮಾಡಿದೆ, ಈ ಕೇಸು ನನ್ನದು. ಚೀಫ್ ಇನ್ನೂ ಆಫೀಸಿನಲ್ಲಿ ಅತಿಥಿಗಳಿಗೆ ಸ್ಕ್ಯಾನ್ ತೋರಿಸುತ್ತಿದ್ದರು.

ರೋಗಿಗೆ ಅರಿವಳಿಕೆ ಕೊಟ್ಟು ಬೋರಲು ತಿರುಗಿಸಿದೆವು. ಸೌಡಮ್ಮ ಅವಳ ಸೊಂಟದ ಬಳಿ ಬಗ್ಗಿದಳು.

"ಸಿಸ್ಟರಮ್ಮಾ, ಇಲ್ಲಿ ನೋಡ್ರಿ. ಎಲುಬಿನ ಮೇಲೆ ಎರಡೂ ಕಡೆ ಕರ‍್ರಗೆ ಕಾಯಿ ಕಟ್ಟಿದೆ. ಎಲೆ ಕೀಳೋರು ಸೊಂಟಕ್ಕೆ ದಪ್ಪ ಗೋಣಿ ಬಿಗಿದು ಕಟ್ಟಿಕೊಳ್ತಾರಲ್ಲ, ಅದು. ನಿನ್ನೆ ವಾರ್ಡಿನಲ್ಲಿ ಕೇಳಿದೆ, ಸಂಜೆ ಆದ್ರೆ ತೊಡೆ ಜೋಮು ಹಿಡಿಯುತ್ತಂತೆ. ಇಲ್ಲಿ ದಿಂಡು ಬೇಡ. ಕೊಂಚ ಕೆಳಗೆ ತಳ್ಳಿ, ಮೇಲೆ ಬನಿಯನ್ ದಿಂಬು ಮಡಿಸಿ ಇಡೋಣ."

ತೊಡೆಯ ಹೊರಭಾಗಕ್ಕೆ ಹೋಗುವ ನರ ಆ ಎಲುಬಿನ ಪಕ್ಕದಲ್ಲೇ ಹಾದುಹೋಗುತ್ತದೆ. ಅದರ ಇಂಗ್ಲಿಷ್ ಹೆಸರು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಹೇಳಿದ್ದೇನು?

"ಸೌಡಮ್ಮಾ, ಇಲ್ಲಿ ಸಿಸ್ಟರ್ ಯಾರು?"

"ನೀವೇ."

"ಹಾಗಾದ್ರೆ ನೀನು ಹೋಗಿ ಸಕ್ಷನ್ ಬಾಟಲ್ ನೋಡು."

"ಒಂದೇ ಒಂದ್ಸಲ ಕೈ ಹಾಕಿ ನೋಡ್ತೀನಿ..."

"ಬೇಡ ಅಂದೆ."

ಪುಸ್ತಕದ ಚಿತ್ರದಲ್ಲಿದ್ದ ಹಾಗೆ, ಸ್ಕೇಲ್ ಹಿಡಿದಂತೆ, ದಿಂಡುಗಳನ್ನು ನೇರ ಇಟ್ಟೆ. ಕೈ ಹಾಕಿ ನೋಡಲಿಲ್ಲ. ಹಾಕಿದರೆ ಅವಳ ಪದ್ಧತಿಯನ್ನು ಒಪ್ಪಿಕೊಂಡಂತಾಗುತ್ತಿತ್ತು. ಅತಿಥಿಗಳಲ್ಲಿ ಒಬ್ಬರು ಒಳಗೆ ಬಂದು ನೋಡಿ, "ಬ್ಯೂಟಿಫುಲ್ ಪೊಸಿಷನಿಂಗ್. ಯಾರು ಮಾಡಿದ್ದು?" ಎಂದರು. ನಾನು ಮಾಸ್ಕಿನೊಳಗೆ ನಕ್ಕೆ. ಕೇಸ್‌ಶೀಟಿನಲ್ಲಿ ನನ್ನ ಹೆಸರು ಬರೆದೆ. ಚೀಫ್ ಬರುವಷ್ಟರಲ್ಲಿ ಬಟ್ಟೆ ಹೊದಿಸಿ ಆಗಿತ್ತು, ಮಲಗಿಸಿದ್ದು ಯಾರೆಂದು ಅವರು ಕೇಳಲಿಲ್ಲ. ಅತಿಥಿಗಳ ಪ್ರಶ್ನೆ ಉತ್ತರಗಳ ನಡುವೆ ಆಪರೇಷನ್ ಎಂದಿಗಿಂತ ಒಂದು ಗಂಟೆ ಹೆಚ್ಚು ನಡೆಯಿತು.

ಮರುದಿನ ಪಳನಿಯಮ್ಮಾಳ್‌ಗೆ ಕಾಲಿನ ನೋವು ಇರಲಿಲ್ಲ. ಆದರೆ ಎರಡೂ ತೊಡೆಗಳ ಹೊರಭಾಗ ಉರಿ. "ಮೆಣಸಿನಕಾಯಿ ಅರೆದು ಹಚ್ಚಿದ ಹಾಗಿದೆ ತಾಯೀ, ಸೀರೆ ತಾಗಿದ್ರೂ ಜೀವ ಹೋಗುತ್ತೆ" ಎಂದು ಅತ್ತಳು. ಅತಿಥಿಗಳು ಇನ್ನೂ ಊರಿನಲ್ಲಿದ್ದರು. ಚೀಫ್ ಮುಖ ಕೆಂಪಾಗಿತ್ತು. ಕೇಸ್‌ಶೀಟ್ ತರಿಸಿ ಕಾಲಂ ನೋಡಿದರು. ನನ್ನ ಹೆಸರು.

"ನಾನೇ ಸರ್" ಎಂದು ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅವರೇ ಹೇಳಿದರು, "ಇದು ದಿನಾ ಇರೋ ಹೆಸರು, ಸಿಸ್ಟರ್. ಯಾರನ್ನೂ ಕವರ್ ಮಾಡಬೇಡಿ. ಕೈ ಯಾರದು ಅಂತ ನನಗೆ ಗೊತ್ತು. ಸೌಡಮ್ಮನ್ನ ಕರೀರಿ."

ಎಷ್ಟೋ ವರ್ಷ ಸುಳ್ಳು ಬರೆದ ಆ ಕಾಲಂನಲ್ಲಿ ಆ ಒಂದು ದಿನ ನಾನು ನಿಜ ಬರೆದಿದ್ದೆ. ಅದನ್ನು ಯಾರೂ ನಂಬಲಿಲ್ಲ. ನಾನೂ ನಂಬಿಸಲಿಲ್ಲ.

ಸೌಡಮ್ಮ ಬಂದು ಕೈಕಟ್ಟಿ ನಿಂತಳು. ಚೀಫ್ ಕೂಗಾಡಿದರು. ಅವಳು ಮಂದ ಕಿವಿಯನ್ನೋ, ಕೇಳುವ ಕಿವಿಯನ್ನೋ ಅವರ ಕಡೆ ತಿರುಗಿಸಿ ಕೇಳಿಸಿಕೊಂಡಳು. ಒಮ್ಮೆ ನನ್ನ ಕಡೆ ನೋಡಿದಳು. ನಾನು ಕ್ಯಾಲೆಂಡರ್ ನೋಡಿದೆ. "ಇನ್ಮೇಲೆ ನೋಡ್ಕೋತೀನಿ ಡಾಕ್ಟರಯ್ಯಾ" ಎಂದಳು. ಇನ್ನುಮೇಲೆ ಎಂಬುದು ಇರಲಿಲ್ಲ. ಅವಳನ್ನು ಬಟ್ಟೆ ಮಡಿಸುವ ರೂಮಿಗೆ ಹಾಕಿದರು. ಚೀಫ್ ಮರುವರ್ಷ ಬೇರೆ ಊರಿಗೆ ಹೋದರು, ಅವಳು ಕೆಲಸ ಬಿಟ್ಟು ಮನೆಗೆ ಹೋದಳು. ಥಿಯೇಟರ್ ಪೂರ್ತಿ ನನ್ನದಾಯಿತು.

ಆಗ ನಾನು ಏನು ಮಾಡಿದೆ ಗೊತ್ತೇ? ಅಂಗೈ ತೂರಿಸತೊಡಗಿದೆ. ಹತ್ತು ಉಸಿರು ಎಣಿಸಿದೆ. ಹಿಂದಿನ ದಿನವೇ ವಾರ್ಡಿಗೆ ಹೋಗಿ, ಏನು ಕೆಲಸ, ಎಲ್ಲಿ ಕಾಯಿ ಕಟ್ಟಿದೆ, ಯಾವ ಮಗ್ಗುಲಿಗೆ ಮಲಗುತ್ತೀಯ ಎಂದು ಕೇಳಿದೆ. ಹೊಸಬರಿಗೆ ಅದನ್ನೇ ಕಲಿಸಿದೆ. "ಸಿಸ್ಟರ್, ಇದು ಯಾವ ಬುಕ್ಕಿನಲ್ಲಿದೆ?" ಎಂದರೆ, "ಎಕ್ಸ್‌ಪೀರಿಯನ್ಸ್" ಎನ್ನುತ್ತಿದ್ದೆ. ಯಾರ ಎಕ್ಸ್‌ಪೀರಿಯನ್ಸ್ ಎಂದು ಯಾರೂ ಕೇಳಲಿಲ್ಲ. ಅವಳಷ್ಟು ಚೆನ್ನಾಗಿ ನನಗೆ ಎಂದೂ ಬರಲಿಲ್ಲ. ಅವಳಿಲ್ಲದ ಥಿಯೇಟರಿನಲ್ಲೂ ನಾನು ಸೆಕೆಂಡೇ.

ಅನುಷಾ ಗೋಡೆಯ ಸುದ್ದಿ ತಂದ ಮರುವಾರ ನಾನು ಕರುಮತ್ತಂಪಟ್ಟಿಗೆ ಬಸ್ ಹತ್ತಿದೆ. ಬೀದಿಗೆ ಕಾಲಿಟ್ಟರೆ ಎರಡೂ ಕಡೆ ಲೂಮಿನ ಸದ್ದು. ಸೌಡಮ್ಮ ಜಗುಲಿಯಲ್ಲಿ ಕೂತು ಹುಣಿಸೆಹಣ್ಣು ಬಿಡಿಸುತ್ತಿದ್ದಳು. ತಲೆ ಪೂರ್ತಿ ಬಿಳಿ.

"ಯಾರು, ಸಿಸ್ಟರಮ್ಮನಾ? ಇಷ್ಟು ಸೊರಗಿಬಿಟ್ರಾ! ಬರ‍್ರಿ, ಆ ಕುರ್ಚಿ ಬೇಡ, ಅದರ ಬೆತ್ತ ಹರಿದಿದೆ, ಚುಚ್ಚುತ್ತೆ."

ನಾನು ನಿಂತೇ ಹೇಳಿದೆ. ಕೂತರೆ ಹೇಳಲಾಗುತ್ತಿರಲಿಲ್ಲ. ಲೂಮಿನ ಸದ್ದಿಗೆ ಕೂಗಿ ಹೇಳಬೇಕಾಯಿತು. ನನ್ನ ತಪ್ಪನ್ನು ಬೀದಿಗೆಲ್ಲ ಕೇಳುವ ಹಾಗೆ ಒಪ್ಪಿಕೊಂಡೆ. ಅವಳು ಹುಣಿಸೆ ಬೀಜವನ್ನು ಮೊರದಲ್ಲಿ ಹಾಕುತ್ತಾ ಕೇಳಿದಳು.

"ಅದಾ? ನಂಗೆ ಗೊತ್ತಿರಲಿಲ್ವಾ?" ಎಂದಳು. "ನಿಮ್ಮ ಮೇಲೆ ಕೋಪ ಇತ್ತು, ಇಲ್ಲ ಅನ್ನಲ್ಲ. ಬಟ್ಟೆ ಮಡಿಸೋ ರೂಮಿನಲ್ಲಿ ದಿನಾ ನಿಮ್ಮನ್ನ ಬೈದಿದೀನಿ. ಆದ್ರೆ ನಂದೂ ತಪ್ಪೇ. ನೀವು ಬೇಡ ಅಂದ್ರೂ ನಾನು ಕೈ ಹಾಕ್ಬೇಕಿತ್ತು. ಆ ಹೆಣ್ಣುಮಗಳಿಗೆ ಏನು ಗೊತ್ತು, ನಮ್ಮಿಬ್ಬರ ಜಗಳ?"

ಸೊಸೆ ಚಹಾ ತಂದಿಟ್ಟಳು. ಕಡು ಬಣ್ಣ, ಒಳ್ಳೆಯ ಪರಿಮಳ. ಯಾವ ಪುಡಿ ಎಂದೆ.

"ಪಳನಿಯಮ್ಮಾಳ್ ಕಳಿಸೋದು. ವರ್ಷಾ ವರ್ಷಾ ಕಳಿಸ್ತಾಳೆ. ಆವಾಗ ನಾನು ಎರಡು ತಿಂಗಳಿಗೊಂದು ಸಲ ಬಸ್ಸಿನಲ್ಲಿ ಹೋಗಿ ನೋಡಿ ಬರ್ತಿದ್ದೆ. ಬಲತೊಡೆ ಒಂದು ವರ್ಷಕ್ಕೆ ಸರಿಹೋಯ್ತು. ಎಡಗಡೆ ಅಂಗೈಯಗಲ ಜಾಗ ಈಗ್ಲೂ ಜೋಮು. ಉರಿ ಇಲ್ಲ. ಗೋಣಿ ಮೇಲೆ ಎತ್ತಿ ಕಟ್ಟೋದು ಕಲಿಸಿಕೊಟ್ಟೆ."

ಕ್ಷಮೆ ಕೇಳಲು ಹೋದವಳು ನಾನು. ಆ ಚಹಾ ಗುಟುಕರಿಸುತ್ತಾ ನನಗೆ ಮತ್ತೆ ಹೊಟ್ಟೆಕಿಚ್ಚೇ ಬಂತು. ನೋವು ಕೊಟ್ಟ ನಾನು ಆ ರೋಗಿಯ ಎಸ್ಟೇಟಿನ ಹೆಸರನ್ನೂ ನೆನಪಿಟ್ಟಿರಲಿಲ್ಲ. ಇಲ್ಲೂ ಇವಳೇ ಫಸ್ಟ್.

ಹೊರಡಲು ಎದ್ದಾಗ ಸೊಂಟ ಹಿಡಿದು ಅರ್ಧಕ್ಕೇ ನಿಂತೆ. ಈಚೆಗೆ ಹಾಗಾಗುತ್ತದೆ. ಸೌಡಮ್ಮ ಎದ್ದು ಬಂದು, ಹುಣಿಸೆಯ ಕೈಯನ್ನು ಸೆರಗಿಗೆ ಒರೆಸಿ, ಅಂಗೈಯನ್ನು ನನ್ನ ಸೊಂಟದ ಮೇಲಿಟ್ಟಳು. ನಾನು ಏನೂ ಹೇಳಿರಲಿಲ್ಲ. ಕೈ ನೇರವಾಗಿ ಆ ಜಾಗಕ್ಕೇ ಬಂದು ಕೂತಿತು. ಅವಳು ಒತ್ತಲಿಲ್ಲ, ಉಜ್ಜಲಿಲ್ಲ. ಸುಮ್ಮನೆ ಇಟ್ಟಳು. ತುಟಿಯಲ್ಲಿ ಎಣಿಸುತ್ತಿದ್ದಳು.

ಹತ್ತು ಉಸಿರಿನವರೆಗೆ ನಾನು ಅಲುಗಲಿಲ್ಲ. ಇಷ್ಟು ವರ್ಷ ಅವಳ ಮೇಲೆ ಕಿಚ್ಚು ಪಟ್ಟಿದ್ದೆ. ಆ ಹೊತ್ತು ನನಗೆ ಬಂದ ಹೊಟ್ಟೆಕಿಚ್ಚು ಬೇರೆಯವರ ಮೇಲೆ. ಫೌಂಡ್ರಿಯವನ ಆಮೇಲೆ ಬಂದ, ಲೆಕ್ಕವಿಲ್ಲದ ಆ ರೋಗಿಗಳ ಮೇಲೆ. ಗೊತ್ತೇ ಇಲ್ಲದೆ ನಿದ್ದೆಯಲ್ಲಿ ಅವರೆಲ್ಲ ಈ ಕೈಯ ಮೇಲೆ ಮಲಗಿದ್ದರು.

ಊರಿಗೆ ಬಂದು ಥಿಯೇಟರಿಗೆ ಫೋನ್ ಮಾಡಿ ಗೋಡೆಯ ಹೆಸರು ಬದಲಿಸಿ ಎಂದೆ. ಈಗಿನ ಇನ್‌ಚಾರ್ಜ್ ಹುಡುಗಿ ನಕ್ಕು, "ಲ್ಯಾಮಿನೇಟ್ ಮಾಡಿಬಿಟ್ಟಿದ್ದೀವಿ ಮೇಡಂ" ಎಂದಳು. ಹಾಗಾಗಿ ಅನುಷಾ, ನಿನಗೂ ನಿನ್ನ ಜೊತೆಯವರಿಗೂ ಇಲ್ಲಿ ಬರೆದಿಡುತ್ತಿದ್ದೇನೆ. ಅದು ಸೌಡಮ್ಮನ ಕೈ. ನಿಮ್ಮ ಕೇಸ್‌ಶೀಟಿನ ಆ ಕಾಲಂನಲ್ಲಿ ಮಲಗಿಸಿದವರ ಹೆಸರನ್ನೇ ಬರೆಯಿರಿ, ಅವರು ಬಕೆಟ್ ಹಿಡಿದು ಬಂದವರಾದರೂ ಸರಿ. ನನ್ನ ಕಾಲದ ಹಳೆಯ ಶೀಟುಗಳು ರೆಕಾರ್ಡ್ ರೂಮಿನಲ್ಲಿ ಎಲ್ಲಾದರೂ ಕೈಗೆ ಸಿಕ್ಕರೆ, ಪಳನಿಯಮ್ಮಾಳ್ ಶೀಟಿನಲ್ಲಿ ಇರುವ ನನ್ನ ಹೆಸರು ಸರಿಯಾಗಿದೆ. ಸೌಡಮ್ಮ ಇದ್ದ ವರ್ಷಗಳ ಮಿಕ್ಕ ಎಲ್ಲದರಲ್ಲೂ ಅದನ್ನು ಸೌಡಮ್ಮ ಎಂದು ಓದಿಕೊಳ್ಳಿ.